ಪಕ್ಕದ ಕೋಣೆಯ ಪರೀಕ್ಷೆ

ಮದುವೆಯಾಗಿ ಆ ಮನೆಗೆ ಬಂದ ಮೊದಲ ವಾರದಲ್ಲೇ ಸೊಸೆ ಮೂರು ಸಲ ಬೇಸ್ತು ಬಿದ್ದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಹಜಾರದಿಂದ ಗಂಡನ ದನಿ ಕೇಳಿಸಿತು: "ಸ್ವಲ್ಪ ಬಾ ಇಲ್ಲಿ." "ಬಂದೆ ರೀ" ಎಂದು ಕೈ ಒರೆಸಿಕೊಳ್ಳುತ್ತ ಹೋದರೆ ಗಂಡ ಅಲ್ಲಿ ಎಲ್ಲಿದ್ದಾನೆ? ಅವನು ಲಿಫ್ಟ್ ರಿಪೇರಿಯವನು, ಕೆಲಸಕ್ಕೆ ಹೊರಟು ಎರಡು ಗಂಟೆಯಾಗಿತ್ತು. ಹಜಾರದಲ್ಲಿದ್ದದ್ದು ಸೊಂಟದೆತ್ತರದ ಎರಡು ಮರದ ಸ್ಪೀಕರುಗಳು, ಅವುಗಳ ಹಿಂದೆ ಸ್ಟೂಲಿನ ಮೇಲೆ ಕೂತ ಅತ್ತೆ. ಅತ್ತೆ ತೊಡೆಯ ಮೇಲಿದ್ದ ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಂಡು, ಬಾಯಿತುಂಬ ನಕ್ಕು, "ಪಾಸು!" ಎಂದರು.

"ಯಾರು ಪಾಸು, ಅತ್ತೆ?"

"ಈ ಪೆಟ್ಟಿಗೆ ಕಣೇ. ನೀನು 'ಬಂದೆ' ಅಂದೆಯಲ್ಲ, ಅಷ್ಟು ಸಾಕು. ಹೋಗು, ನಲ್ಲಿ ಬಿಟ್ಟು ಬಂದಿದೀಯ."

ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. "ಹಲೋ" ಅನ್ನುವ ಒಂದೇ ಮಾತಿಗೆ ಆ ಕಡೆಯವರಿಗೆ ನೆಗಡಿಯಾಗಿದೆಯೋ, ಗಂಟಲಲ್ಲಿ ಅಳು ನಿಂತಿದೆಯೋ, ಬಾಯಲ್ಲಿ ತುತ್ತಿದೆಯೋ ಹೇಳಿಬಿಡುತ್ತಿದ್ದರು. ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ಒದ್ದಾಡುತ್ತಿದ್ದಾಗ, ಮನೆಯಲ್ಲಿ ಸಂಗೀತ ಕೇಳುವ ಸೆಟ್ಟುಗಳ ಬಗ್ಗೆಯೇ ಬರೆಯುವ ಒಂದು ಮಾಸಪತ್ರಿಕೆ ಅವರ ಕೈಗೆ ಸಿಕ್ಕಿತು. ಓದಿದರು, ಓದಿ ಸಿಟ್ಟಾದರು. ಅದರ ವಿಮರ್ಶಕರೆಲ್ಲ ಕೋಣೆಯ ನಟ್ಟನಡುವೆ ಒಂದು ಕುರ್ಚಿ ಹಾಕಿಕೊಂಡು, ಕತ್ತು ಅಲುಗಿಸದೆ ಕೂತು, ಇಲ್ಲಿಂದ ಒಂದು ಅಂಗುಲ ಸರಿದರೆ ಸುಖ ಕೆಡುತ್ತದೆ ಎಂದು ಬರೆಯುತ್ತಿದ್ದರು. ಅತ್ತೆ ಸಂಪಾದಕರಿಗೆ ನಾಲ್ಕು ಪುಟದ ಕಾಗದ ಹಾಕಿದರು: "ಮನೆಯಲ್ಲಿ ಯಾರು ಸ್ವಾಮಿ ಹಾಗೆ ಕೂರುತ್ತಾರೆ, ಹಲ್ಲು ಕೀಳಿಸಿಕೊಳ್ಳಲು ಕೂತ ಹಾಗೆ? ನಾವು ಕಸ ಗುಡಿಸುತ್ತ ಕೇಳುತ್ತೇವೆ, ಸ್ನಾನ ಮಾಡುತ್ತ ಕೇಳುತ್ತೇವೆ, ಜಗಳವಾಡುತ್ತ ಕೇಳುತ್ತೇವೆ. ಅಲ್ಲಿಗೆ ಹೇಗೆ ಕೇಳಿಸುತ್ತದೆ ಅನ್ನುವುದನ್ನು ಬರೆಯಿರಿ." ಸಂಪಾದಕರು ಅದನ್ನು ಹಾಗೇ ಅಚ್ಚು ಹಾಕಿದರು. ಓದುಗರು ಬಿದ್ದು ಬಿದ್ದು ನಕ್ಕರು, ಇನ್ನೂ ಬೇಕೆಂದರು. ಹೀಗೆ 'ಪಕ್ಕದ ಕೋಣೆಯಿಂದ' ಎಂಬ ಅಂಕಣ ಶುರುವಾಗಿ, ಮನೆ ಬಾಗಿಲಿಗೆ ರಟ್ಟಿನ ಡಬ್ಬಗಳು ಬಂದು ಬೀಳತೊಡಗಿದವು.

ಅತ್ತೆಯ ಪರೀಕ್ಷೆಗಳು, ನೋಡಿದವರು ಈ ಹೆಂಗಸಿಗೆ ತಲೆ ನೆಟ್ಟಗಿದೆಯೇ ಎಂದು ಕೇಳುವಂತಿದ್ದವು. ಬಚ್ಚಲುಮನೆಯಲ್ಲಿ ನಲ್ಲಿಯನ್ನು ಅರ್ಧ ತಿರುಗಿಸಿಟ್ಟು ಬಕೆಟ್ಟಿನ ಮೇಲೆ ಕೂತು ಕೇಳುವುದು. ಊಟದ ಮೇಜಿನ ಕೆಳಗೆ ಮಲಗಿ, ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಕೇಳುವುದು. ಸ್ಪೀಕರುಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ತಾವು ಮೆಟ್ಟಿಲ ಮೇಲೆ ಹೋಗಿ ಕೇಳುವುದು. ಒಲೆಯ ಮೇಲೆ ಹಾಲಿಟ್ಟು ಹಾಡು ಹಾಕುವುದು ಅವರ ಹಳೆಯ ಪರೀಕ್ಷೆ. ಹಾಲು ಉಕ್ಕಿ ಒಲೆ ಆರಿತೆಂದರೆ ಆ ಸ್ಪೀಕರಿಗೆ ಎರಡು ಅಂಕ ಹೆಚ್ಚು, ಯಾಕೆಂದರೆ ಕೇಳುವವರು ಮೈಮರೆತಿದ್ದಾರೆ. ಒಲೆ ಒರೆಸುವ ಕೆಲಸ ಮಾತ್ರ ಸೊಸೆಯದು.

ಎಲ್ಲಕ್ಕಿಂತ ದೊಡ್ಡದು ಪಕ್ಕದ ಕೋಣೆಯ ಪರೀಕ್ಷೆ. ಮನೆಯವರೆಲ್ಲರ ದನಿಯನ್ನೂ ಅತ್ತೆ ಮೊದಲೇ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ದಿನವೂ ಆಡುವಂಥ ಸಾದಾ ಮಾತು, ಸಾದಾ ಕರೆ, ಎಂದಿನ ಎತ್ತರದಲ್ಲಿ. ಯಾರೂ ನೆನೆಯದ ಹೊತ್ತಿನಲ್ಲಿ ಅದನ್ನು ಹಾಕುವುದು. ಇನ್ನೊಂದು ಕೋಣೆಯಲ್ಲಿದ್ದವರು ಮನುಷ್ಯರೇ ಕರೆದರೆಂದು ಓಗೊಟ್ಟರೆ ಪಾಸು, ಇಲ್ಲದಿದ್ದರೆ ಫೇಲು. ನೋಟುಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾಲಂ ಇತ್ತು.

ಸೊಸೆಗೆ ಮೊದಮೊದಲು ಕಿರಿಕಿರಿ. ಆಮೇಲೆ ಒಗ್ಗಿಹೋಯಿತು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಜನರ ಕಣ್ಣಿನ ಮುಂದೆ ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣತ್ತಾ, ಅದು ಚೆನ್ನಾಗಿ ಕಾಣತ್ತಾ?" ಎಂದು ಕೇಳುತ್ತಿದ್ದವಳಿಗೆ ಪರೀಕ್ಷೆಯೆನ್ನುವುದು ಹೊಸದೇನಾಗಿರಲಿಲ್ಲ. ಅವಳಿಗೆ ಮಗಳು ಹುಟ್ಟಿದಳು. ದುಂಡು ದುಂಡಗೆ, ಸದಾ ಮೂಗಿನಲ್ಲಿ ಗುಂಯ್ ಅನ್ನುತ್ತಿದ್ದ ಕೂಸಿಗೆ ಎಲ್ಲರೂ 'ದುಂಬಿ' ಎಂದರು. ದುಂಬಿಗೆ ಒಂದು ವರ್ಷ ತುಂಬಿ ಮೂರು ತಿಂಗಳಾದಾಗ ಅತ್ತೆ ನೋಟುಬುಕ್ಕಿನಲ್ಲಿ ಹೊಸದೊಂದು ಕಾಲಂ ಗೀಚಿದರು.

ಆಗ ದುಂಬಿಗೆ ನಾಲ್ಕು ಮಾತು ಬರುತ್ತಿತ್ತು: ಅಮ್ಮ, ತಾ, ಬೇಡ, ಮತ್ತೆ ಯಾವುದಕ್ಕೆ ಅನ್ನುತ್ತಿದ್ದಳೋ ತಿಳಿಯದ 'ಬಬ್ಬ'. ಎರಡು ತುಂಬಿದಾಗಲೂ ಅದೇ ನಾಲ್ಕು. ಎರಡೂವರೆಗೆ 'ಬಬ್ಬ'ವೂ ಹೋಗಿ ಮೂರು ಉಳಿದವು.

"ನಾನೂ ಲೇಟೇ ಮಾತಾಡಿದ್ದು. ಕೇಳು ಬೇಕಾದ್ರೆ ಅಮ್ಮನ್ನ" ಎಂದು ಗಂಡ ನಗುತ್ತಿದ್ದ. ಅತ್ತೆ, "ಹೌದು, ಆಮೇಲೆ ಬಾಯಿ ಮುಚ್ಚಿಸೋಕೆ ಆಗ್ಲಿಲ್ಲ" ಎನ್ನುತ್ತಿದ್ದರು. ಸೊಸೆಯೂ ಅವರ ಜೊತೆ ನಗುತ್ತಿದ್ದಳು. ಆದರೆ ಬಾಲವಾಡಿಗೆ ಸೇರಿಸಿದ ಮೂರನೆಯ ವಾರ ಟೀಚರು ಅವಳನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು, "ನಿಮ್ಮ ಮಗು ತುಂಬಾ ಮೊಂಡು ಕಣ್ರೀ. ಬಾ ಅಂದ್ರೆ ಬರಲ್ಲ, ಕೂತ್ಕೋ ಅಂದ್ರೆ ಕೂರಲ್ಲ. ತನ್ನ ಪಾಡಿಗೆ ತಾನಿರ್ತಾಳೆ" ಎಂದರು. ದನಿ ತಗ್ಗಿಸಿ, "ಒಂದ್ಸಲ ಯಾರಿಗಾದ್ರೂ ತೋರಿಸಿ" ಎಂದೂ ಸೇರಿಸಿದರು.

ಯಾರಿಗಾದರೂ ಅಂದರೆ ಯಾರಿಗೆ? ಸೊಸೆ ಕೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಮುಖವನ್ನೇ ನೋಡಿದಳು. ದುಂಬಿ ತಾಯಿಯ ಮೂಗು ಹಿಡಿದು ನಕ್ಕಿತು. ಬುದ್ಧಿ ಚುರುಕಿಲ್ಲದ ಮಗು ಹೀಗೆ ನಗುತ್ತದೆಯೇ? ಗೊತ್ತಿಲ್ಲ. ಅವಳು ಅಂದಿನಿಂದ ಮಾತು ಬಾರದ ಮಕ್ಕಳ ಬಗ್ಗೆ ಫೋನಿನಲ್ಲಿ ಕದ್ದು ಕದ್ದು ಓದತೊಡಗಿದಳು, ಓದಿದ್ದನ್ನೆಲ್ಲ ಅಳಿಸಿಹಾಕತೊಡಗಿದಳು. ಬಾಯಿಬಿಟ್ಟು ಹೇಳಿದರೆ ಅದು ನಿಜವೇ ಆಗಿಬಿಡುತ್ತದೇನೋ ಎಂಬ ಅಂಜಿಕೆಯಿಂದ ಗಂಡನಿಗೂ ಹೇಳಲಿಲ್ಲ.

ಅದೇ ಹೊತ್ತಿಗೆ ಅತ್ತೆಯ ಅಂಕಣದಲ್ಲಿ ಒಂದು ಜೋಡಿ ಸ್ಪೀಕರಿನ ವಿಮರ್ಶೆ ಬಂತು. ಅದು ದೊಡ್ಡ ಕಂಪನಿಯ ಮಾಲಲ್ಲ. ಒಬ್ಬ ಬಡಗಿ ತನ್ನ ಷೆಡ್ಡಿನಲ್ಲಿ ಒಬ್ಬನೇ ಕೂತು ಮಾಡಿದ್ದು. ಅತ್ತೆ ಮರದ ಕೆಲಸವನ್ನು ಹೊಗಳಿದ್ದರು, ತಬಲದ ದನಿಯನ್ನು ಹೊಗಳಿದ್ದರು. ಕೊನೆಗೆ ಹೀಗೆ ಬರೆದಿದ್ದರು: "ದೊಡ್ಡವರೆಲ್ಲ ಮೋಸ ಹೋದೆವು. ಆದರೆ ಮಕ್ಕಳಿಗೆ ಸುಳ್ಳು ಬೇಗ ಗೊತ್ತಾಗುತ್ತದೆ. ನಮ್ಮ ಮನೆಯ ಎರಡೂವರೆ ವರ್ಷದ ನ್ಯಾಯಾಧೀಶೆ ತನ್ನ ತಾಯಿಯ ದನಿ ಕೇಳಿಯೂ ತಲೆ ಎತ್ತಲಿಲ್ಲ. ಆದ್ದರಿಂದ ಈ ಪೆಟ್ಟಿಗೆ ಫೇಲು."

ಎರಡು ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಸೊಸೆ ತೆರೆದಳು. ಅರವತ್ತರ ಆಸುಪಾಸಿನ ಒಬ್ಬ ಗಂಡಸು, ಹುಬ್ಬಿನಲ್ಲಿ ಮರದ ಪುಡಿ, ಎರಡು ಕೈಯಲ್ಲೂ ಕಂಬಳಿ ಸುತ್ತಿದ ಪೆಟ್ಟಿಗೆಯನ್ನು ತಬ್ಬಿಕೊಂಡು ನಿಂತಿದ್ದ.

"ಪತ್ರಿಕೆಗೆ ಬರೆಯೋ ಅಮ್ಮ ಇದೀರಾ? ನಾನು ಈ ಪೆಟ್ಟಿಗೆ ಮಾಡಿದವನು. ಸಂಪಾದಕರು ವಿಳಾಸ ಕೊಟ್ರು" ಎಂದ. ಜಗಳಕ್ಕೆ ಬಂದವನ ದನಿಯಲ್ಲ. ಬಹಳ ದಿನ ಯೋಚನೆ ಮಾಡಿ ಬಂದವನ ದನಿ.

ಅತ್ತೆ ಎದ್ದು ಬಂದು ಕುರ್ಚಿ ಎಳೆದರು. ಪೆಟ್ಟಿಗೆಯವರು ಕೂರಲಿಲ್ಲ. ಕಂಬಳಿ ಬಿಚ್ಚುತ್ತಲೇ ಮಾತಾಡಿದರು.

"ಹಾಡು ಚೆನ್ನಾಗಿಲ್ಲ ಅಂದಿದ್ರೆ ಸುಮ್ನಾಗ್ತಿದ್ದೆ ಅಮ್ಮ. ದನಿ ಸುಳ್ಳು ಅಂದ್ರಿ ನೋಡಿ, ಅದು ಮನಸ್ಸಿಗೆ ಹತ್ತಿಬಿಡ್ತು. ನನ್ನ ಮನೇಲಿ ಮೂರು ಮೊಮ್ಮಕ್ಕಳಿದಾರೆ. ನೀವು ಬರೆದ ಹಾಗೇ ಅವರ ಅಮ್ಮನ ದನಿ ಹಿಡಿದು ಹಾಕಿದೆ. ಮೂರೂ ಓಡಿ ಬಂದ್ವು. ಒಂದಂತೂ ಪೆಟ್ಟಿಗೆ ಹಿಂದೆ ಹುಡುಕ್ತು. ಇನ್ನೊಂದ್ಸಲ ಪರೀಕ್ಷೆ ಮಾಡಿ, ನನ್ನ ಕಣ್ಣೆದುರಿಗೆ. ಫೇಲಾದ್ರೆ ಈಗಲೇ ಎತ್ಕೊಂಡು ಹೋಗ್ತೀನಿ."

"ಮಾಡೋಣ. ನ್ಯಾಯ ನ್ಯಾಯವೇ" ಎಂದರು ಅತ್ತೆ.

ದುಂಬಿ ಒಳಕೋಣೆಯ ಚಾಪೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತು ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತಿತ್ತು. ಅತ್ತೆ ಗುಂಡಿ ಒತ್ತಿದರು. ಹಜಾರದ ಪೆಟ್ಟಿಗೆಯಿಂದ ಸೊಸೆಯ ದನಿ, ಅವಳಿಗೇ ಮೈ ಜುಮ್ಮೆನ್ನುವಷ್ಟು ಸಹಜವಾಗಿ ಬಂತು: "ದುಂಬೀ, ಬಾರಮ್ಮ ಇಲ್ಲಿ." ದುಂಬಿ ಅಲುಗಲಿಲ್ಲ. ಇನ್ನೊಂದು ಸಲ ಹಾಕಿದರು. ಇಲ್ಲ. ಪೆಟ್ಟಿಗೆಯವರ ಮುಖ ಸಣ್ಣದಾಯಿತು.

"ತಬಲ ಹಾಕಿ ಒಂದ್ಸಲ" ಎಂದರು ಅವರು. "ಸ್ವಲ್ಪ ಜೋರಾಗಿ."

ತಬಲದ ಎಡದ ಏಟು ನೆಲದಲ್ಲಿ ನಡೆದುಹೋಯಿತು. ದುಂಬಿ ಕೂಡಲೇ ತಲೆ ಎತ್ತಿತು. ಎದ್ದು, ಪುಟುಪುಟು ನಡೆದು ಬಂದು, ಯಾರ ಮುಖವನ್ನೂ ನೋಡದೆ ಪೆಟ್ಟಿಗೆಗೆ ಬೆನ್ನು ಒತ್ತಿ ಕೂತು, ಒಂದು ಅಂಗೈಯನ್ನು ಮರದ ಮೇಲೆ ಅಗಲವಾಗಿ ಇಟ್ಟುಕೊಂಡು ಗುಂಯ್ ಎಂದು ರಾಗ ಹಿಡಿಯಿತು.

"ಇವಳು ದಿನಾ ಹೀಗೇ. ಸಂಗೀತ ಅಂದ್ರೆ ಪ್ರಾಣ" ಎಂದರು ಅತ್ತೆ ಹೆಮ್ಮೆಯಿಂದ.

ಪೆಟ್ಟಿಗೆಯವರು ಮಗುವಿನ ಅಂಗೈಯನ್ನೇ ನೋಡುತ್ತಿದ್ದರು. ಆಮೇಲೆ ತಬಲ ನಿಲ್ಲಿಸಿ, ಮಗುವನ್ನು ಮತ್ತೆ ಚಾಪೆಗೆ ಕಳಿಸಿ, ಸೊಸೆಯ ಕಡೆ ತಿರುಗಿದರು.

"ತಾಯಿ, ಒಂದು ಕೆಲಸ ಮಾಡಿ. ಪೆಟ್ಟಿಗೆ ಬೇಡ. ನೀವೇ ಬಾಗಿಲ ಹಿಂದೆ ನಿಂತು ಕರೀರಿ. ಅದರಲ್ಲಿ ಕರೆದಿದ್ರಲ್ಲ, ಅಷ್ಟೇ ಮೆತ್ತಗೆ."

ಸೊಸೆ ಬಾಗಿಲ ಹಿಂದೆ ಹೋಗಿ ನಿಂತಳು. "ದುಂಬೀ, ಬಾರಮ್ಮ ಇಲ್ಲಿ."

ಬಾಗಿಲ ಸಂದಿಯಿಂದ ಮಗಳ ಕತ್ತಿನ ಹಿಂಬದಿಯ ಸಣ್ಣ ಗುಂಗುರು ಕೂದಲು ಕಾಣಿಸುತ್ತಿತ್ತು. ಅದು ಅಲುಗಲಿಲ್ಲ. "ದುಂಬೀ." ಮರದ ತುಂಡಿನ ಮೇಲೆ ಇನ್ನೊಂದು ತುಂಡು ಕೂತಿತು. "ದುಂಬಿ, ಚಿನ್ನ, ಅಮ್ಮ ಇಲ್ಲಿದೀನಿ." ಮೂರನೆಯ ತುಂಡು. ಸೊಸೆಗೆ ತನ್ನ ದನಿ ತನ್ನ ಕಿವಿಯಲ್ಲೇ ದೊಡ್ಡದಾಗುತ್ತಿರುವಂತೆ ಅನ್ನಿಸಿತು. ಕೊನೆಗೆ ಗಂಟಲು ಹರಿಯುವ ಹಾಗೆ "ದುಂಬೀ!" ಎಂದು ಕೂಗಿಯೇಬಿಟ್ಟಳು. ಆಗ ಮಗು ತಿರುಗಿ ನೋಡಿ ನಕ್ಕಿತು.

ಹಜಾರದಲ್ಲಿ ಅತ್ತೆಯ ಪೆನ್ನು ನೋಟುಬುಕ್ಕಿನ ಮೇಲೆ ಹಾಗೇ ನಿಂತಿತ್ತು.

"ನನ್ನ ಎಡಗಿವಿ ಅರ್ಧ ಹೋಗಿದೆ ತಾಯಿ, ಗರಗಸದ ಸದ್ದಿಗೆ" ಎಂದರು ಪೆಟ್ಟಿಗೆಯವರು, ನೆಲ ನೋಡುತ್ತ. "ನಾನೂ ಹಾಗೇ ಮರಕ್ಕೆ ಕೈಯಿಟ್ಟು ಕೇಳ್ತೀನಿ. ಅದಕ್ಕೇ ಅನುಮಾನ ಬಂತು. ತಪ್ಪು ತಿಳೀಬೇಡಿ. ಒಂದ್ಸಲ ಕಿವಿ ಡಾಕ್ಟರಿಗೆ ತೋರಿಸಿ." ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಕಂಬಳಿಯನ್ನು ಮಾತ್ರ ಹೆಗಲಿಗೆ ಹಾಕಿಕೊಂಡು ಹೊರಟರು.

ಅವರು ಮೆಟ್ಟಿಲಿಳಿದದ್ದೇ ತಡ, ಸೊಸೆಯೊಳಗೆ ಇಷ್ಟು ದಿನ ಕಟ್ಟಿಕೊಂಡದ್ದೆಲ್ಲ ಒಡೆಯಿತು. "ನನ್ನ ಮಗು ನಿಮ್ಮ ಪೆಟ್ಟಿಗೆ ಅಲ್ಲ ಅತ್ತೆ! ಪಾಸು ಫೇಲು ಅಂತ ಗುರುತು ಹಾಕೋಕೆ! ಯಾರೋ ದಾರೀಲಿ ಹೋಗೋರು ಬಂದು ಹೇಳಬೇಕಾಯ್ತು!" ಎಂದು ಕಿರುಚಿದಳು. ಮದುವೆಯಾಗಿ ಆರು ವರ್ಷದಲ್ಲಿ ಅತ್ತೆಯ ಎದುರು ದನಿ ಎತ್ತಿದ್ದು ಅದೇ ಮೊದಲು. ಅತ್ತೆ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ನಾಲ್ಕರ ಹೊತ್ತಿಗೆ ಬಾಗಿಲು ತೆರೆಯಿತು. ಅತ್ತೆ ನೋಟುಬುಕ್ಕು ಹಿಡಿದು ಬಂದು ಸೊಸೆಯ ಪಕ್ಕ ಮಂಚದ ಮೇಲೆ ಕೂತರು. ಕಣ್ಣು ಕೆಂಪಾಗಿದ್ದವು.

"ನೋಡು" ಎಂದು ಪುಟ ಬಿಡಿಸಿದರು. ದುಂಬಿಯ ಕಾಲಂ. ಮೊದಲ ನಾಲ್ಕು ಸ್ಪೀಕರಿಗೆ ನಾಲ್ಕೂ ಸರಿ ಗುರುತು. ಆಮೇಲೆ ಚಳಿಗಾಲದ ಒಂದು ತಾರೀಕಿನಿಂದ ಈಚೆಗೆ ಹನ್ನೊಂದು ತಪ್ಪು ಗುರುತು, ಒಂದರ ಕೆಳಗೆ ಒಂದು, ಬೇಲಿಯ ಹಾಗೆ. "ಆಗ ನೆಗಡಿ ಆಗಿ ತಿಂಗಳಾನುಗಟ್ಟಲೆ ಮೂಗು ಸೋರ್ತಿತ್ತಲ್ಲ, ನೆನಪಿದ್ಯಾ? ಅದಕ್ಕೆ ಮುಂಚೆ ಕೇಳಿಸ್ತಿತ್ತು ಕಣೇ ಮಗೂಗೆ. ಚೆನ್ನಾಗಿ ಕೇಳಿಸ್ತಿತ್ತು. ಹನ್ನೊಂದು ಪೆಟ್ಟಿಗೆ ತಪ್ಪು ಅಂದ್ಕೊಂಡೆ ನಾನು. ಮೂವತ್ತೊಂದು ವರ್ಷ ಇದೇ ಕಿವಿ ಇಟ್ಕೊಂಡು ದುಡಿದೋಳು..."

ಸೊಸೆ ಆ ಗುರುತುಗಳ ಮೇಲೆ ಬೆರಳಾಡಿಸಿದಳು. ಸಿಟ್ಟು ಎಲ್ಲೋ ಇಳಿದುಹೋಗಿತ್ತು. "ನಮ್ಮ ಅಂಗಡಿಗೆ ವಾರಕ್ಕೆ ಒಂದಾದ್ರೂ ಮಗು ಬರತ್ತೆ ಅತ್ತೆ" ಎಂದಳು. "ಸ್ಕೂಲಲ್ಲಿ ದಡ್ಡ ಅಂತಾರೆ, ಸೋಮಾರಿ ಅಂತಾರೆ. ಕನ್ನಡಕ ಹಾಕಿದ ಕೂಡಲೆ ಬೋರ್ಡ್ ಮೇಲಿನ ಅಕ್ಷರ ಎಲ್ಲಾ ಓದಿಬಿಡತ್ತೆ. ನಾನು ಆ ಅಮ್ಮಂದಿರನ್ನ ಮನಸ್ಸಲ್ಲೇ ಬೈಕೋತಿದ್ದೆ, ಇಷ್ಟು ದಿನ ಏನು ಮಾಡ್ತಿದ್ರಿ ಅಂತ."

ಆಮೇಲೆ ಅತ್ತೆ ಎದ್ದು ಹೋಗಿ, ಹೇಳದೆ ಕೇಳದೆ, ಎರಡು ಲೋಟ ಟೀ ಮಾಡಿಕೊಂಡು ಬಂದರು.

ರಾತ್ರಿ ಕೆಲಸದಿಂದ ಬಂದ ಗಂಡ ಮೊದಲು ನಂಬಲಿಲ್ಲ. "ಹುಟ್ಟಿದಾಗ ಆಸ್ಪತ್ರೇಲಿ ಕಿವಿ ಪರೀಕ್ಷೆ ಮಾಡಿದ್ರಲ್ಲ, ಎಲ್ಲಾ ಸರಿ ಇದೆ ಅಂದಿದ್ರು" ಎಂದ. ಆದರೂ ಮಗಳ ಹಿಂದೆ ನಿಂತು ಬೀಗದ ಕೈ ಗೊಂಚಲನ್ನು ಅಲ್ಲಾಡಿಸಿದ. ಇನ್ನೊಮ್ಮೆ ಅಲ್ಲಾಡಿಸಿದ. ಆಮೇಲೆ ಗೊಂಚಲನ್ನು ಜೇಬಿಗೆ ಹಾಕಿಕೊಂಡು ಬಾಲ್ಕನಿಗೆ ಹೋಗಿ ಬಹಳ ಹೊತ್ತು ಬೀದಿ ನೋಡುತ್ತ ನಿಂತ.

ಡಾಕ್ಟರು ಸಿಕ್ಕಿದ್ದು ಒಂಬತ್ತು ದಿನಕ್ಕೆ. ಆ ಒಂಬತ್ತು ದಿನ ಮನೆಯಲ್ಲಿ ಒಂದು ಸ್ಪೀಕರೂ ಉಸಿರೆತ್ತಲಿಲ್ಲ. ಅತ್ತೆ ಎಲ್ಲದರ ತಂತಿ ಕಿತ್ತು ಸುತ್ತಿಟ್ಟಿದ್ದರು. ಮೂವರೂ ತಮಗರಿವಿಲ್ಲದೆ ಚಮಚ ಬೀಳಿಸುವುದು, ಬಾಗಿಲು ತಟ್ಟುವುದು, ಪಿಸುಗುಟ್ಟುವುದು ಮಾಡಿ ಮಗುವಿನ ಮುಖ ನೋಡುತ್ತಿದ್ದರು. ಮಗು ತನ್ನ ಪಾಡಿಗೆ ತಾನು ಗುಂಯ್ ಅನ್ನುತ್ತಿತ್ತು.

ಆಸ್ಪತ್ರೆಯಲ್ಲಿ ದುಂಬಿಯನ್ನು ದಪ್ಪ ಬಾಗಿಲಿನ ಒಂದು ಕೋಣೆಗೆ ಕರೆದೊಯ್ದರು. ಗೋಡೆಗೆಲ್ಲ ಮೆತ್ತೆ. ಒಂದು ಹುಡುಗಿ ದುಂಬಿಯ ಕಿವಿಗೆ ಪುಟ್ಟ ರಬ್ಬರಿನ ತುದಿಯನ್ನು ಇಟ್ಟು, ಯಂತ್ರದಿಂದ ಹೊರಬಂದ ಚೀಟಿಯನ್ನು ನೋಡಿದಳು. ಬೆಟ್ಟದ ಹಾಗೆ ಏರಿ ಇಳಿಯಬೇಕಾದ ಗೆರೆ ಚಪ್ಪಟೆಯಾಗಿ ಮಲಗಿತ್ತು. ಎಡಗಿವಿಗೂ ಚಪ್ಪಟೆ, ಬಲಗಿವಿಗೂ ಚಪ್ಪಟೆ. ಸೊಸೆಗೆ ಅದರ ಅರ್ಥ ತಿಳಿಯಲಿಲ್ಲ. "ಇನ್ನೊಂದು ಪರೀಕ್ಷೆ ಇದೆ" ಎಂದು ಹುಡುಗಿ ಕಿವಿಯ ಹಿಂದಿನ ಮೂಳೆಗೆ ಏನನ್ನೋ ಅಂಟಿಸಿದಳು. "ಸ್ವಲ್ಪ ಹೊತ್ತಾಗತ್ತೆ, ಹೊರಗೆ ಕೂತಿರಿ."

ಹೊರಗಿನ ಬೆಂಚಿನ ಮೇಲೆ ಅತ್ತೆ, ಮಗ, ಸೊಸೆ ಮೂವರೂ ಸಾಲಾಗಿ ಕೂತರು. ಅತ್ತೆ ಸೊಸೆಯ ಕೈ ಹಿಡಿದುಕೊಂಡಿದ್ದರು.

ಡಾಕ್ಟರಮ್ಮ ಒಳಗೆ ಕರೆದು ಕೂರಿಸಿ ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. ಮೊದಲ ಮಾತೇ, "ಹೆದರ್ಕೋಬೇಡಿ" ಎಂದರು. "ಒಳಗಿನ ನರ ಚೆನ್ನಾಗಿದೆ. ಕಿವಿಯ ತಮಟೆ ಇದೆಯಲ್ಲ, ಅದರ ಹಿಂದೆ ನೀರು ನಿಂತು ಅಂಟಿನ ಹಾಗೆ ಗಟ್ಟಿಯಾಗಿದೆ, ಎರಡೂ ಕಡೆ. ನೀರಿನ ಕೊಡದೊಳಗೆ ತಲೆ ಮುಳುಗಿಸಿ ಕೇಳಿದ ಹಾಗೆ ಕೇಳಿಸ್ತಿದೆ ಅವಳಿಗೆ. ಜೋರಾಗಿ ಕೂಗಿದ್ರೆ ಕೇಳತ್ತೆ, ಮೆತ್ತಗೆ ಅಂದ್ರೆ ಇಲ್ಲ. ಅದಕ್ಕೇ ಎಲ್ಲರೂ ಮೊಂಡು ಅನ್ಕೊಳ್ಳೋದು."

"ಸರಿ ಹೋಗತ್ತಾ?" ಸೊಸೆ ಕೇಳಿದಳು.

"ಖಂಡಿತ ಸರಿ ಹೋಗತ್ತೆ. ಎಷ್ಟು ದಿನದಿಂದ ಹೀಗಿದೆ ಅಂತ ಗೊತ್ತಾಗಬೇಕಿತ್ತು. ಈಚೆಗೆ ಬಂದಿದ್ರೆ ಕಾಯೋಣ ಅಂತಿದ್ದೆ, ತಾನಾಗೇ ಒಣಗೋದೂ ಉಂಟು."

ಅತ್ತೆ ಚೀಲದಿಂದ ನೋಟುಬುಕ್ಕು ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ದುಂಬಿಯ ಕಾಲಮ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ತಾರೀಕು, ಕೋಣೆಯ ಅಳತೆ, ಎಷ್ಟು ಅಡಿ ದೂರ, ಬಾಗಿಲು ತೆರೆದಿತ್ತೋ ಮುಚ್ಚಿತ್ತೋ, ಎಲ್ಲವೂ ಇತ್ತು.

"ಇದು ಯಾರು ಬರೆದಿದ್ದು?"

"ನಾನು" ಎಂದರು ಅತ್ತೆ, ತಪ್ಪು ಒಪ್ಪಿಕೊಳ್ಳುವವರ ಹಾಗೆ. "ಸ್ಪೀಕರು ನೋಡ್ತಿದ್ದೆ. ಮಗೂನ ನೋಡ್ಲಿಲ್ಲ."

"ಒಂದು ವರ್ಷದ ಮೇಲಾಗಿದೆ ಹಾಗಾದ್ರೆ. ಕಾಯೋದು ಬೇಡ. ತಮಟೆಯಲ್ಲಿ ಸಣ್ಣದೊಂದು ತೂತು ಮಾಡಿ, ನೀರು ತೆಗೆದು, ಸಾಸಿವೆಯಷ್ಟು ಸಣ್ಣ ನಳಿಗೆ ಇಡ್ತೀವಿ. ಇಪ್ಪತ್ತು ನಿಮಿಷದ ಕೆಲಸ. ಅವತ್ತೇ ಮನೆಗೆ ಕರ್ಕೊಂಡು ಹೋಗಬಹುದು." ಡಾಕ್ಟರಮ್ಮ ಪುಸ್ತಕ ವಾಪಸ್ಸು ಕೊಡುತ್ತ ನಕ್ಕರು. "ನಮ್ಮಲ್ಲಿಗೆ ಬರೋರು 'ಯಾವಾಗಿಂದಲೋ' ಅಂತಾರೆ ಅಮ್ಮ. ತಾರೀಕು ತಂದವರು ನೀವೇ ಮೊದಲು."

ಹೊರಗೆ ಬಂದ ಮೇಲೆ ಸೊಸೆ ಗೋಡೆಗೆ ಒರಗಿ ನಿಂತಳು. ಅಳು ಬರುತ್ತದೆ ಅಂದುಕೊಂಡಳು, ಬಂದದ್ದು ನಗು. ತಡೆಯಲಾರದ, ಹೊಟ್ಟೆ ಹಿಡಿದುಕೊಳ್ಳುವ ನಗು. ನೀರಂತೆ! ಬರೀ ನೀರು! ಅವಳು ಕದ್ದು ಕದ್ದು ಓದಿದ್ದ ಆ ದೊಡ್ಡ ದೊಡ್ಡ ಹೆಸರುಗಳಲ್ಲಿ ಒಂದೂ ಅಲ್ಲ. ಗಂಡ ಗಾಬರಿಯಿಂದ ಅವಳ ಭುಜ ಹಿಡಿದು, "ಏನಾಯ್ತೇ?" ಎಂದ. "ಏನೂ ಆಗಿಲ್ಲ ರೀ, ಏನೂ ಆಗಿಲ್ಲ" ಎನ್ನುತ್ತ ಅವಳು ಅವನ ಅಂಗಿಗೇ ಮುಖ ಒರೆಸಿದಳು.

ಆಪರೇಷನ್ ಮುಂದಿನ ಗುರುವಾರ ಬೆಳಿಗ್ಗೆ ಆಯಿತು. ಡಾಕ್ಟರಮ್ಮ ಹೇಳಿದಂತೆ ಇಪ್ಪತ್ತು ನಿಮಿಷ. ಸೊಸೆಯ ಲೆಕ್ಕದಲ್ಲಿ ಇಪ್ಪತ್ತು ದಿನ. ಮಧ್ಯಾಹ್ನದ ಹೊತ್ತಿಗೆ ದುಂಬಿ ಮಂಪರಿನಿಂದ ಎದ್ದು ತಾಯಿಯ ಹೆಗಲಿಗೆ ಅಂಟಿಕೊಂಡಿತ್ತು. ಕೆಳಗಿಳಿಯಲು ಲಿಫ್ಟಿನ ಮುಂದೆ ನಿಂತರು. ಲಿಫ್ಟ್ ಬಂದು 'ಟಿಂಗ್' ಎಂದಿತು.

ದುಂಬಿ ಹೆಗಲಿನಿಂದ ತಲೆ ಎತ್ತಿತು. ಕಣ್ಣು ಅಗಲಿಸಿ ಮೇಲೆ ನೋಡಿತು, ಬಾಗಿಲು ನೋಡಿತು, ಕೊನೆಗೆ ತಾಯಿಯ ಮುಖ ನೋಡಿತು.

ಗಂಡನಿಗೆ ಆ ಗಂಟೆ ಎಲ್ಲಿ ಕೂತಿದೆ, ಹೇಗೆ ಹೊಡೆಯುತ್ತದೆ ಎಲ್ಲವೂ ಗೊತ್ತು. ಅವನು ಒಳಗೆ ಹೋಗದೆ ಬಾಗಿಲು ಮುಚ್ಚಲು ಬಿಟ್ಟು, ಮತ್ತೆ ಗುಂಡಿ ಒತ್ತಿದ. ಟಿಂಗ್. ಮತ್ತೆ. ಟಿಂಗ್. ಒಳಗಿದ್ದ ಒಬ್ಬ ಮುದುಕರು, "ಏನ್ರೀ ಇದು, ಹುಡುಗಾಟನಾ?" ಎಂದು ಗದರಿದರು. "ಇನ್ನೊಂದೇ ಒಂದ್ಸಲ ಸರ್" ಎಂದು ಗಂಡ ಕೈ ಮುಗಿದ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಮುದುಕರು ಅದನ್ನು ನೋಡಿ ಸುಮ್ಮನಾದರು.

ಮೊದಲ ಕೆಲವು ದಿನ ಮನೆಯಲ್ಲಿ ಎಲ್ಲರೂ ಹತ್ತಿಯ ಮೇಲೆ ನಡೆದ ಹಾಗೆ ನಡೆಯಬೇಕಾಯಿತು. ಕಾಗದ ಹರಿದರೆ ದುಂಬಿಗೆ ಅಳು, ನಲ್ಲಿ ಬಿಟ್ಟರೆ ಅಳು, ಅತ್ತೆಯ ಚಪ್ಪಲಿಯ ಚಟಪಟಕ್ಕೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುವುದು. ಅತ್ತೆ ಬರಿಗಾಲಲ್ಲಿ ಓಡಾಡಿದರು. ಸಂಪಾದಕರಿಗೆ ಫೋನು ಮಾಡಿ, "ಈ ತಿಂಗಳು ಪರೀಕ್ಷೆ ಇಲ್ಲ, ನಮ್ಮ ಮನೇಲಿ ಮೌನ" ಎಂದರು. "ಅಂಕಣಕ್ಕೆ ಏನು ಹಾಕಲಿ?" ಎಂದು ಅವರು ಗೋಳಾಡಿದಾಗ, "ಬರೆದು ಕಳಿಸ್ತೀನಿ, ತಡೀರಿ" ಎಂದು ಇಟ್ಟರು.

ಬರೆಯುವ ಮುಂಚೆ ಸೊಸೆಯ ಬಳಿ ಬಂದರು. "ಆ ಪೆಟ್ಟಿಗೆಯವರಿಗೆ ನಾನು ಅನ್ಯಾಯ ಮಾಡಿದೀನಿ, ಅದನ್ನ ಸರಿ ಮಾಡಬೇಕು. ತಪ್ಪು ನಂದು ಅಂತ ಬರೆದ್ರೆ ಸಾಕು. ಮಗೂ ವಿಷಯ ಎತ್ತಲ್ಲ. ನೀನು ಎತ್ತು ಅಂದ್ರೆ ಮಾತ್ರ."

ಸೊಸೆ ಒಣಗಿದ ಬಟ್ಟೆ ಮಡಚುತ್ತಿದ್ದವಳು ಸ್ವಲ್ಪ ಯೋಚಿಸಿದಳು. "ಬರೀರಿ ಅತ್ತೆ, ಪೂರ್ತಿ ಬರೀರಿ. ಮೊಂಡು ಅನ್ನಿಸಿಕೊಂಡ ಮಗು ಇನ್ಯಾರ ಮನೇಲಾದ್ರೂ ಇರತ್ತೆ. ನಾನು ಬೈದಿದ್ದು ಮಾತ್ರ ಬೇಡ."

"ಅದೇ ಕಣೇ ಚೆನ್ನಾಗಿದ್ದಿದ್ದು!" ಎಂದರು ಅತ್ತೆ. ಆದರೂ ಅದನ್ನು ಬಿಟ್ಟೇ ಬರೆದರು.

ಲೇಖನ ಬಂದ ವಾರ ಪೆಟ್ಟಿಗೆಯವರು ಫೋನು ಮಾಡಿದರು. ಹನ್ನೆರಡು ಜನ ವಿಚಾರಿಸಿದ್ದಾರಂತೆ, ಮರ ಸಾಲುತ್ತಿಲ್ಲವಂತೆ. ಅದನ್ನು ಎರಡು ಮಾತಿನಲ್ಲಿ ಮುಗಿಸಿ, "ಮಗು ಹೇಗಿದೆ, ಅದನ್ನ ಹೇಳಿ ಮೊದಲು" ಎಂದರು. ಅವರ ಅರ್ಧ ಹೋದ ಕಿವಿಗೆ ಕೇಳಿಸಲೆಂದು ಅತ್ತೆ ಇಡೀ ಬೀದಿಗೆ ಕೇಳುವ ಹಾಗೆ ಕೂಗಿ ಕೂಗಿ ಹೇಳಿದರು. ಕೊನೆಗೆ, ನೀವೂ ಆ ಡಾಕ್ಟರಮ್ಮನಿಗೆ ಒಂದ್ಸಲ ಕಿವಿ ತೋರಿಸಿ ಎಂದು ಗದರಿಸಿ, ದಿನವನ್ನೂ ಗೊತ್ತು ಮಾಡಿಯೇ ಇಟ್ಟರು.

ಮಾತು ಒಂದೇ ದಿನಕ್ಕೆ ಬರಲಿಲ್ಲ. ವಾರಕ್ಕೆ ಎರಡು ದಿನ ಮಾತು ಕಲಿಸುವವರ ಬಳಿಗೆ ಹೋಗಬೇಕಿತ್ತು. ಆಕೆ ದುಂಬಿಯನ್ನು ಎದುರಿಗೆ ಕೂರಿಸಿಕೊಂಡು, ಗಾಳಿಗುಳ್ಳೆ ಊದಿ, ಬಣ್ಣದ ಚಿತ್ರ ತೋರಿ, ಒಂದೊಂದೇ ಸದ್ದನ್ನು ಬಿಡಿಸಿ ಹೇಳಿಕೊಡುತ್ತಿದ್ದರು. ಬಾಲವಾಡಿಯ ಟೀಚರು ಸಂಕೋಚದಿಂದ, "ನಾನು ಹಾಗನ್ನಬಾರದಿತ್ತು" ಎಂದರು. "ತೋರಿಸಿ ಅಂದ್ರಲ್ಲ, ಅಷ್ಟು ಸಾಕು" ಎಂದಳು ಸೊಸೆ, ಮನಸಾರೆ.

ಐದನೆಯ ವಾರದ ಭಾನುವಾರ ಮಧ್ಯಾಹ್ನ. ಗಂಡ ಕಿಟಕಿಗೆ ಹೊಸ ಪರದೆ ಸಿಕ್ಕಿಸುತ್ತ ಏಣಿಯ ಮೇಲೆ ನಿಂತು ಏನೋ ಹಾಡಿಕೊಳ್ಳುತ್ತಿದ್ದ. ಶ್ರುತಿಗೂ ಅವನಿಗೂ ಎಂದೂ ಆಗಿಬಂದದ್ದಲ್ಲ. ದುಂಬಿ ಏಣಿಯ ಬುಡದಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿತು. ಹುಬ್ಬು ಗಂಟಿಕ್ಕಿತು. ಆಮೇಲೆ ಅಪ್ಪನ ಪ್ಯಾಂಟನ್ನು ಹಿಡಿದೆಳೆದು, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ, "ಸಾಕು" ಎಂದಿತು.

ಗಂಡ ಏಣಿಯ ಮೇಲಿಂದಲೇ ಕೂಗಿದ: "ಅಮ್ಮಾ! ಕೇಳಿದ್ಯಾ? ಏನಂದ್ಲು ಕೇಳಿದ್ಯಾ?"

"ಕೇಳಿಸ್ತು, ಕೇಳಿಸ್ತು. ಸರಿಯಾಗೇ ಅಂದಿದಾಳೆ" ಎಂದು ಅತ್ತೆ ಒಳಗಿನಿಂದ ಓಡಿಬಂದು ಮೊಮ್ಮಗಳನ್ನು ಎತ್ತಿಕೊಂಡರು. "ಇನ್ನೊಂದ್ಸಲ ಹಾಡೋ. ಇನ್ನೊಂದ್ಸಲ ಅನ್ನಲಿ."

ಅವನು ಹಾಡಿದ. ದುಂಬಿ ಅಂದಿತು. ಮತ್ತೆ ಹಾಡಿದ, ಮತ್ತೆ ಅಂದಿತು. ಸೊಸೆ ಮಂಚದ ಮೇಲೆ ಕಾಲು ಚಾಚಿ, ದಿಂಬಿಗೆ ತಲೆ ಕೊಟ್ಟಳು. ಹಜಾರದಲ್ಲಿ ಅಪಸ್ವರ, ಅದರ ಬೆನ್ನಿಗೆ ಮಗಳ ದನಿ, ಅತ್ತೆಯ ನಗು, ಏಣಿಯ ಕಿರಕ್ಕು. ಆ ಗದ್ದಲದ ನಡುವೆಯೇ ಅವಳ ಕಣ್ಣು ಎಳೆಯತೊಡಗಿದವು. ಎಷ್ಟೋ ತಿಂಗಳ ನಿದ್ದೆ ಬಾಕಿಯಿತ್ತು. ಸಂಜೆಯವರೆಗೂ ಅವಳನ್ನು ಯಾರೂ ಎಬ್ಬಿಸಲಿಲ್ಲ.